ದೇವರನ್ನೇ ನಂಬದವರ ಮದುವೆಗೆ, ಆಸ್ತಿಗೆ ಯಾವ ಕಾನೂನು?

ಶರಾವತಿ_ಹಿನ್ನೀರು

ನೇರ ವಿಷಯಕ್ಕೆ ಬರುತ್ತೇನೆ. ನಾನು, ನಾನು ಮದುವೆಯಾಗಬೇಕೆಂದಿರುವ ಹುಡುಗ, ಇಬ್ಬರೂ ದೇವರನ್ನು ನಂಬುವವರಲ್ಲ. ಮನೆಯಲ್ಲಿ ಪೂಜೆ ಆದರೆ ಪ್ರಸಾದ ತಿನ್ನುತ್ತೇವೆ, ಯಾರ ಜೊತೆಗೂ ಜಗಳ ಮಾಡಲ್ಲ, ಅಷ್ಟೇ. ಮಂತ್ರಮಾಂಗಲ್ಯ ಮಾಡಿಕೊಂಡು ರಿಜಿಸ್ಟರ್ ಮಾಡಿಸೋಣ ಅಂತ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಕೇಳಿದೆವು. ಹಿಂದೂ ವಿವಾಹ ಕಾಯ್ದೆಯಲ್ಲಿ ಮಾಡಿಸಿ, ಬೇಗ ಆಗುತ್ತೆ ಅಂದರು. ನಾವು ಹಿಂದೂ ಅಂತ ಹೇಳಿಕೊಳ್ಳಲ್ಲ ಸರ್ ಅಂದೆ. "ಮತ್ತೇನು, ಮುಸ್ಲಿಮರಾ? ಕ್ರಿಶ್ಚಿಯನ್ನಾ?" ಎರಡೂ ಅಲ್ಲ. "ಹಂಗಾದ್ರೆ ಹಿಂದೂನೇ, ಫಾರಂ ತುಂಬಿ."

ಸಿಟ್ಟು ಬಂತು. ಆಮೇಲೆ ಕಾಯ್ದೆ ತೆಗೆದು ಓದಿದರೆ ಅವರು ಹೇಳಿದ್ದು ಕಾನೂನಿನಲ್ಲಿ ಇದ್ದ ಹಾಗೇ ಇದೆ! 1955ರ ಕಾಯ್ದೆಯ 2ನೇ ಸೆಕ್ಷನ್ ಪ್ರಕಾರ ಮುಸ್ಲಿಂ, ಕ್ರಿಶ್ಚಿಯನ್, ಪಾರ್ಸಿ, ಯಹೂದಿ ಅಲ್ಲದ ಯಾರಿಗೇ ಆದರೂ ಇದು ಅನ್ವಯ. ನಂಬಿಕೆ ಇದೆಯಾ ಇಲ್ವಾ ಅಂತ ಕೇಳುವುದೇ ಇಲ್ಲ. ಧರ್ಮದ ಹೆಸರಿನ ಕಾನೂನು ಆ ಧರ್ಮವನ್ನು ನಂಬದವರನ್ನೂ ಕಟ್ಟಿಹಾಕಬೇಕಾ? ನಿಮಗೆ ಏನನ್ನಿಸುತ್ತೆ?

ಕರಿಕೋಟು_ಧಾರವಾಡ

ವಕೀಲ ಇದೀನ್ರೀ, ಅದಕ್ಕ ಸ್ವಲ್ಪ ಉದ್ದ ಆಗಬಹುದು.

ಮೊದಲು ಮಂತ್ರಮಾಂಗಲ್ಯ. ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಈ ರೀತಿ ಮಾಡಿಸಿದರು. ಪುರೋಹಿತರಿಲ್ಲ, ಮುಹೂರ್ತ ಇಲ್ಲ, ವರದಕ್ಷಿಣೆ ಇಲ್ಲ. ಸಾವಿರಾರು ಜನ ಹಾಗೇ ಮದುವೆಯಾಗಿದ್ದಾರೆ. ಆದರೆ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಕೇಳುವುದು ವಧು ಅಥವಾ ವರನ ಕಡೆಯ ರೂಢಿಯ ವಿಧಿಗಳನ್ನು. 2024ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು: ವಿಧಿಗಳೇ ನಡೆಯದೆ ಸುಮ್ನೆ ಸರ್ಟಿಫಿಕೇಟ್ ಮಾಡಿಸಿಕೊಂಡರೆ ಅದು ಹಿಂದೂ ಮದುವೆ ಆಗುವುದಿಲ್ಲ. ಅಂದಮೇಲೆ ನಂಬಿಕೆ ಇಲ್ಲದವರು ಈ ಕಾಯ್ದೆಯ ಒಳಗೆ ಬಂದರೆ ನಂಬದ ವಿಧಿಯನ್ನೂ ಮಾಡಬೇಕು. ಜಗಳ ಬರುವವರೆಗೆ ಯಾರೂ ಕೇಳಲ್ಲ ಅನ್ನುವುದು ಬೇರೆ ಮಾತು. ಡೈವೋರ್ಸಿಗೋ ಪಿಂಚಣಿಗೋ ಬಂದಾಗ ಎದುರಿನ ವಕೀಲ ಕೇಳೇ ಕೇಳುತ್ತಾನೆ. ನಾನಾದರೂ ಕೇಳುತ್ತೇನೆ.

ತಮಿಳುನಾಡು ಇದಕ್ಕೊಂದು ದಾರಿ ಮಾಡಿಕೊಂಡಿತು. 1967ರಲ್ಲಿ ಅಣ್ಣಾದೊರೈ ಸರ್ಕಾರ 7ಎ ಅಂತ ಒಂದು ಸೆಕ್ಷನ್ ಸೇರಿಸಿ, ನೆಂಟರು ಸ್ನೇಹಿತರ ಎದುರು ಹಾರ ಬದಲಿಸಿದರೆ, ಉಂಗುರ ತೊಡಿಸಿದರೆ ಅಥವಾ ತಾಳಿ ಕಟ್ಟಿದರೆ ಸಾಕು ಅಂತ ಮಾಡಿತು. ಪೆರಿಯಾರ್ ಅವರ ಸ್ವಾಭಿಮಾನ ಮದುವೆಗಳಿಗೆ, ಅಂದರೆ ಪುರೋಹಿತರಿಲ್ಲದ ಮದುವೆಗಳಿಗೆ, ಮಾನ್ಯತೆ ಸಿಕ್ಕಿತು. ತಮಾಷೆ ಏನಂದರೆ ಆ ಸೆಕ್ಷನ್ ಇರುವುದೂ ಹಿಂದೂ ವಿವಾಹ ಕಾಯ್ದೆಯ ಒಳಗೇ. ನಾಸ್ತಿಕರ ಮದುವೆಗೂ ಅಲ್ಲೇ ಜಾಗ! ಕರ್ನಾಟಕದಲ್ಲಿ ಅಷ್ಟೂ ಇಲ್ಲ.

ನಿಮಗೆ ಸರಿಯಾದ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ದೇವರ ಹೆಸರು ಬೇಡ, ಬೆಂಕಿ ಬೇಡ. ಮೂವರು ಸಾಕ್ಷಿ, ವಿವಾಹಾಧಿಕಾರಿಯ ಎದುರು ಒಂದು ಸಾಲಿನ ಮಾತು. ಆದರೆ 30 ದಿನದ ನೋಟಿಸ್ ಹಾಕುತ್ತಾರೆ.

ಸಂಧ್ಯಾವಂದನೆ_ಮಾಡುವವ

ಹೆಸರು ನೋಡಿ ಹೊಡೆಯಬೇಡಿ 😀 ನಾನು ನಂಬುವವನು. ನನಗೆ ಇದರಲ್ಲಿ ಸಮಸ್ಯೆಯೇ ಕಾಣಿಸುತ್ತಿಲ್ಲ. ಹಿಂದೂ ವಿವಾಹ ಕಾಯ್ದೆ ಯಾವ ಶಾಸ್ತ್ರದಲ್ಲಿದೆ ಹೇಳಿ? ಡೈವೋರ್ಸ್ ಶಾಸ್ತ್ರದಲ್ಲಿತ್ತಾ? ಒಂದೇ ಹೆಂಡತಿ ಅನ್ನೋದು ಇತ್ತಾ? ಮಗಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಇತ್ತಾ? ನಮ್ಮ ಮಂಗಳೂರಿನ ಬಿ.ಎನ್. ರಾವ್ 1941ರಿಂದ ಸಮಿತಿ ಕಟ್ಟಿಕೊಂಡು ಇದನ್ನು ಬರೆಯಲು ಹೊರಟಾಗ ಬೊಬ್ಬೆ ಹಾಕಿದವರು ನಮ್ಮಂಥ ಸಂಪ್ರದಾಯಸ್ಥರೇ. ಆ ಹಿಂದೂ ಸಂಹಿತೆ ಮಸೂದೆ ಮುಂದೆ ಹೋಗಲಿಲ್ಲ ಅಂತ ಕಾನೂನು ಮಂತ್ರಿ ಅಂಬೇಡ್ಕರ್ 1951ರಲ್ಲಿ ರಾಜೀನಾಮೆ ಕೊಟ್ಟರು. ಇದು ಸಂಸತ್ತು ಮಾಡಿದ ಕಾನೂನು, ಮಠ ಮಾಡಿದ್ದಲ್ಲ. ಹಿಂದೂ ಅನ್ನುವುದು ಬರೀ ಮೇಲಿನ ಚೀಟಿ. ಚೀಟಿಗೆ ಯಾಕೆ ಇಷ್ಟು ಮುನಿಸು?

ಶರಾವತಿ_ಹಿನ್ನೀರು

ಅಣ್ಣಾ, ಬರೀ ಚೀಟಿ ಆಗಿದ್ದರೆ ನಾನು ಸುಮ್ನೆ ಸಹಿ ಹಾಕಿ ಬರ್ತಿದ್ದೆ. ಒಳಗೆ ಏನಿದೆ ಅಂತ ನೋಡಿ.

ಹಿಂದೂ ಉತ್ತರಾಧಿಕಾರ ಕಾಯ್ದೆ 1956, 15ನೇ ಸೆಕ್ಷನ್. ಒಬ್ಬ ಹೆಂಗಸು ವಿಲ್ ಬರೆಯದೆ ತೀರಿಕೊಂಡರೆ ಅವಳು ಸ್ವಂತ ದುಡಿದ ಆಸ್ತಿ ಮೊದಲು ಗಂಡ, ಮಕ್ಕಳಿಗೆ. ಅವರು ಯಾರೂ ಇಲ್ಲದಿದ್ದರೆ ಗಂಡನ ವಾರಸುದಾರರಿಗೆ. ಅವಳ ಅಪ್ಪ ಅಮ್ಮನ ಸರದಿ ಆಮೇಲೆ. ನಾರಾಯಣಿ ದೇವಿ ಅನ್ನುವವರ ಪ್ರಕರಣ ಓದಿ, 2009ರ ಸುಪ್ರೀಂ ಕೋರ್ಟ್ ತೀರ್ಪು. ಮದುವೆಯಾದ ಮೂರೇ ತಿಂಗಳಿಗೆ ಗಂಡ ಹೋದ, ಅತ್ತೆ ಮನೆಯವರು ಹೊರಗೆ ಹಾಕಿದರು, ಅಪ್ಪ ಅಮ್ಮ ಓದಿಸಿದರು, ಕೆಲಸಕ್ಕೆ ಸೇರಿ ದುಡ್ಡು ಕೂಡಿಟ್ಟರು. ವಿಲ್ ಇಲ್ಲದೆ ತೀರಿಕೊಂಡಾಗ ಆ ದುಡ್ಡು ಹೊರಗೆ ಹಾಕಿದವರ ಕಡೆಗೇ ಹೋಯಿತು. ಕೋರ್ಟು ಕಷ್ಟದ ಪ್ರಕರಣ ಹೌದು, ಆದರೆ ಸಹಾನುಭೂತಿ ನೋಡಿ ತೀರ್ಪು ಕೊಡಲಾಗದು ಅಂದಿತು.

ಮದುವೆಯಾದ ಹೆಣ್ಣು ಗಂಡನ ಗೋತ್ರಕ್ಕೆ ಸೇರಿದವಳು ಅನ್ನುವ ಯೋಚನೆ ಅಲ್ವಾ ಇದರ ಬೇರು? ನಾನು ಗೋತ್ರವನ್ನೇ ಒಪ್ಪದವಳು. ನನ್ನ ಸಂಬಳದ ಫ್ಲಾಟಿಗೆ ಆ ಯೋಚನೆ ಯಾಕೆ ಅನ್ವಯ ಆಗಬೇಕು?

ಸಂಧ್ಯಾವಂದನೆ_ಮಾಡುವವ

ಅದು ಅನ್ಯಾಯ, ಒಪ್ಪುತ್ತೇನೆ. ಆದರೆ ಅದು ನಂಬುವ ಹೆಂಗಸಿಗೂ ಅಷ್ಟೇ ಅನ್ಯಾಯ. ನನ್ನ ತಂಗಿ ದಿನಾ ಲಲಿತಾ ಸಹಸ್ರನಾಮ ಓದುತ್ತಾಳೆ, ಅವಳ ಆಸ್ತಿಗೂ ಇದೇ ಗತಿ. ಹಾಗಾದರೆ ಕಾಯ್ದೆ ತಿದ್ದಿಸಿ. ನಾಸ್ತಿಕರಿಗೆ ಮಾತ್ರ ಬೇರೆ ಬಾಗಿಲು ಕೇಳಿದರೆ ನನ್ನ ತಂಗಿ ಒಳಗೇ ಉಳಿಯುತ್ತಾಳೆ.

ದಾವಣಗೆರೆ_ಬೆಣ್ಣೆ

ಮಧ್ಯೆ ಬಂದೆ. ಕಾಯ್ದೆಯ ಅದೇ 2ನೇ ಸೆಕ್ಷನ್ನಿನಲ್ಲಿ "ವೀರಶೈವ, ಲಿಂಗಾಯತ" ಅಂತ ಹೆಸರು ಹಾಕಿಯೇ ಸೇರಿಸಿದ್ದಾರೆ. 2018ರಲ್ಲಿ ಪ್ರತ್ಯೇಕ ಧರ್ಮದ ಗಲಾಟೆ ಆದಾಗ ನಮ್ಮ ಕಡೆ ಮನೆ ಮನೆಯಲ್ಲಿ ಜಗಳ. ನಾವು ಹಿಂದೂ ಹೌದೋ ಅಲ್ವೋ ಅಂತ ಬೀದಿಯಲ್ಲಿ ಕೂಗಾಡಿದ್ದೇ ಬಂತು, ಮದುವೆ ಆಸ್ತಿ ವಿಷಯದಲ್ಲಿ ಪಾರ್ಲಿಮೆಂಟು ಯಾವತ್ತೋ ತೀರ್ಮಾನ ಮಾಡಿ ಮುಗಿಸಿದೆ. ಬೌದ್ಧರು, ಜೈನರು, ಸಿಖ್ಖರದ್ದೂ ಇದೇ ಕಥೆ. ಹಾಗಾಗಿ ಇದು ನಾಸ್ತಿಕರೊಬ್ಬರ ಗೋಳಲ್ಲ ಮೇಡಂ.

ಭಟ್ಕಳ_ಕಡಲು

ಹೆಸರು ಕೇಳಬೇಡಿ, ಊರಲ್ಲಿ ಯಾರಿಗೂ ಹೇಳಿಲ್ಲ. ನಾನು ನಮಾಜ್ ಬಿಟ್ಟು ಬಹಳ ವರ್ಷ ಆಯಿತು. ನೀವೆಲ್ಲ ಬಾಗಿಲು ಬಾಗಿಲು ಅಂತಿದ್ದೀರಲ್ಲ, ನಿಮಗೆ ಕಿಟಕಿಯಾದರೂ ಇದೆ. ವಿಲ್ ಬರೆದರೆ ಮುಗಿಯಿತು. ನಿಮ್ಮ ಸ್ವಂತ ಆಸ್ತಿ ಯಾರಿಗೆ ಬೇಕಾದರೂ ಬರೆಯಬಹುದು.

ನನಗೆ ಒಬ್ಬಳೇ ಮಗಳು. ನಾಳೆ ನಾನು ಹೋದರೆ ಶರೀಅತ್ ಪ್ರಕಾರ ಅವಳಿಗೆ ಅರ್ಧ, ಹೆಂಡತಿಗೆ ಎಂಟನೇ ಒಂದು ಭಾಗ, ಉಳಿದದ್ದು ನನ್ನ ಅಣ್ಣತಮ್ಮಂದಿರಿಗೆ. ಎಲ್ಲ ಮಗಳಿಗೇ ಅಂತ ವಿಲ್ ಬರೆದರೆ ನಡೆಯಲ್ಲ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ವಿಲ್ ಮಾಡುವ ಹಾಗಿಲ್ಲ, ಅದೂ ವಾರಸುದಾರರಿಗೇ ಬರೆದರೆ ಉಳಿದ ವಾರಸುದಾರರು ಒಪ್ಪಬೇಕು. ಬದುಕಿದ್ದಾಗಲೇ ಹಿಬಾ, ಅಂದರೆ ದಾನ, ಕೊಡಬಹುದು, ಆದರೆ ಸ್ವಾಧೀನ ಬಿಟ್ಟುಕೊಡಬೇಕು. ಇರೋ ಮನೆ ಕೊಟ್ಟು ನಾನು ಅದೇ ಮನೆಯಲ್ಲಿ ಮಗಳ ಹಂಗಿನಲ್ಲಿ ಇರಬೇಕಾ? ಅವಳು ಒಳ್ಳೆಯವಳೇ, ಅಳಿಯ ಹೇಗೆ ಬರುತ್ತಾನೋ ಯಾರಿಗೆ ಗೊತ್ತು.

ನನ್ನ ತಮ್ಮಂದಿರು ಕೆಟ್ಟವರು ಅಂತ ಹೇಳ್ತಿಲ್ಲ. ನಾನು ನಂಬದ ಒಂದು ಲೆಕ್ಕ ನನ್ನ ಮಗಳ ಪಾಲನ್ನು ತೀರ್ಮಾನ ಮಾಡೋದು ಯಾಕೆ ಅನ್ನೋದಷ್ಟೇ ಪ್ರಶ್ನೆ.

ಕರಿಕೋಟು_ಧಾರವಾಡ

ಭಟ್ಕಳದ ಅಣ್ಣಾರ, ನಿಮಗೂ ಒಂದು ದಾರಿ ಐತಿ. ನಿಕಾಹ್ ಆದ ಮದುವೆಯನ್ನೇ ವಿಶೇಷ ವಿವಾಹ ಕಾಯ್ದೆಯಲ್ಲಿ ಮತ್ತೆ ನೋಂದಾಯಿಸಬಹುದು. ಆಮೇಲೆ ಉತ್ತರಾಧಿಕಾರಕ್ಕೆ ಶರೀಅತ್ ಬದಲು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯ. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಒಬ್ಬ ವಕೀಲರು ಮೂವರು ಹೆಣ್ಣುಮಕ್ಕಳ ಸಲುವಾಗಿ 2023ರ ಮಹಿಳಾ ದಿನದಂದು ಹೊಸದುರ್ಗದಲ್ಲಿ ತಮ್ಮ ಹೆಂಡತಿಯನ್ನೇ ಎರಡನೇ ಸಲ ಮದುವೆಯಾದರು. ಆಗ ದೊಡ್ಡ ಸುದ್ದಿ ಆಗಿತ್ತು.

ಭಟ್ಕಳ_ಕಡಲು

ಗೊತ್ತು ಸರ್. ಆದರೆ ನನ್ನ ಹೆಂಡತಿ ನಂಬುವವಳು. ಐದು ಹೊತ್ತು ನಮಾಜ್ ಮಾಡ್ತಾಳೆ. ಮಗಳಿಗೆ ಸಿಗಲಿ ಅಂತ ಅವಳಿಗೂ ಆಸೆ ಇದೆ, ಆದರೆ ನಿಕಾಹ್ ಸಾಲದು ಅಂತ ಸರ್ಕಾರಿ ಮದುವೆ ಮಾಡಿಕೊಂಡೆವು ಅಂದರೆ ಜಮಾತ್‌ನಲ್ಲಿ ಏನಂತಾರೋ ಅಂತ ಭಯ. ನನ್ನ ಅವಿಶ್ವಾಸಕ್ಕೆ ಅವಳು ಯಾಕೆ ಸಹಿ ಹಾಕಬೇಕು? ಇನ್ನು ಮದುವೆಯಾಗದವರು, ತಲಾಕ್ ಆದವರು ಯಾರನ್ನು ಮತ್ತೆ ಮದುವೆಯಾಗೋದು?

ಕರಿಕೋಟು_ಧಾರವಾಡ

ಖರೇ. ಅದೇ ಪ್ರಶ್ನೆ ಈಗ ಸುಪ್ರೀಂ ಕೋರ್ಟಿನ ತನಕ ಹೋಗಿದೆ. ಇಸ್ಲಾಂ ನಂಬಿಕೆ ಬಿಟ್ಟ ಕೇರಳದ ಒಬ್ಬ ಮಹಿಳೆ, ನನಗೆ ಶರೀಅತ್ ಬದಲು ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯ ಮಾಡಿ ಅಂತ ಅರ್ಜಿ ಹಾಕಿದರು. ಆಕೆಯ ತಂದೆಗೂ ನಂಬಿಕೆ ಇಲ್ಲ, ಮಗಳಿಗೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೊಡುವ ಹಾಗೂ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೋರ್ಟು ಕೇಂದ್ರಕ್ಕೆ ನೋಟಿಸ್ ಕೊಟ್ಟಿತು. ಮುಂದಿನ ವರ್ಷ ಇನ್ನೊಬ್ಬರು ಬಂದರು. ಅವರದ್ದು ಇನ್ನೂ ಕುತೂಹಲದ ಅರ್ಜಿ: ನಾನು ಮುಸ್ಲಿಮನಾಗಿಯೇ ಇರುತ್ತೇನೆ, ಆದರೆ ಆಸ್ತಿಗೆ ಶರೀಅತ್ ಬೇಡ.

ಶರಾವತಿ_ಹಿನ್ನೀರು

ಆ ಎರಡನೆಯ ಅರ್ಜಿ ನನಗೆ ತುಂಬಾ ಹಿಡಿಸಿತು. ಸಂಧ್ಯಾವಂದನೆ ಅಣ್ಣ ಹೇಳಿದ ತಂಗಿಯ ವಿಷಯಕ್ಕೂ ಅದೇ ಉತ್ತರ. ಹೊರಗೆ ಹೋಗಲು "ನಂಗೆ ನಂಬಿಕೆ ಇಲ್ಲ" ಅಂತ ಸಾಬೀತು ಮಾಡಬೇಕಾಗಿಯೇ ಇರಬಾರದು. ನಂಬಿಕೆಯನ್ನು ಅಳೆಯುವ ಕೆಲಸ ಸರ್ಕಾರಕ್ಕೆ ಕೊಟ್ಟರೆ ನಾಳೆ ತಹಶೀಲ್ದಾರರು ಬಂದು ನಿಮ್ಮನೆಯಲ್ಲಿ ದೇವರ ಫೋಟೋ ಇದೆಯಲ್ಲ, ಆಯುಧಪೂಜೆ ದಿನ ಸ್ಕೂಟರಿಗೆ ಹೂವು ಹಾಕಿದ್ದಿರಲ್ಲ ಅಂತ ಕೇಳ್ತಾರೆ.

ಹಳೇ_ಪೇಪರ್

ಇತಿಹಾಸ ಸ್ವಲ್ಪ ಹೇಳ್ತೀನಿ, ಬೋರ್ ಆದರೆ ದಾಟಿಸಿ. 1872ರಲ್ಲೇ ಈ ವಿಶೇಷ ವಿವಾಹ ಕಾಯ್ದೆಯಂಥದ್ದೊಂದು ಕಾಯ್ದೆ ಇತ್ತು. ಬ್ರಹ್ಮ ಸಮಾಜದ ಕೇಶವಚಂದ್ರ ಸೇನ್ ಮುಂತಾದವರ ಒತ್ತಾಯದಿಂದ ಬಂದಿದ್ದು. ಅದರಲ್ಲಿ ಮದುವೆಯಾಗಬೇಕಾದರೆ ಗಂಡು ಹೆಣ್ಣು ಇಬ್ಬರೂ ನಾನು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರಿಶ್ಚಿಯನ್ ಅಲ್ಲ, ಪಾರ್ಸಿ ಅಲ್ಲ ಅಂತ ಪಟ್ಟಿ ಓದಿ ಘೋಷಿಸಬೇಕಿತ್ತು. ಜಾತಿ ದಾಟಿ ಮದುವೆಯಾಗುವ ಎಷ್ಟೋ ಆಸ್ತಿಕರು ಸುಳ್ಳು ಸಹಿ ಹಾಕುವ ಹಾಗಾಯಿತು. 1923ರಲ್ಲಿ ಹಿಂದೂ, ಬೌದ್ಧ, ಸಿಖ್, ಜೈನರ ಮಟ್ಟಿಗೆ ಸಡಿಲ ಮಾಡಿದರು, 1954ರಲ್ಲಿ ಆ ಘೋಷಣೆಯೇ ಹೋಯಿತು. ಶರಾವತಿಯವರು ಹೇಳಿದ ಹಾಗೆ, ನಂಬಿಕೆ ಬಿಟ್ಟೆ ಅಂತ ಬರೆಸಿಕೊಂಡ ಕಾಲ ಒಂದಿತ್ತು, ಅದು ಚೆನ್ನಾಗಿ ನಡೆಯಲಿಲ್ಲ.

ಇನ್ನೊಂದು. ಈ "ಧರ್ಮ ಇಲ್ಲದ" 1925ರ ಕಾಯ್ದೆಯೂ ಆಕಾಶದಿಂದ ಬಿದ್ದಿದ್ದಲ್ಲ. ಇಂಗ್ಲಿಷರ ಆಸ್ತಿ ಕಾನೂನನ್ನು 1865ರಲ್ಲಿ ಇಲ್ಲಿಗೆ ಹೊಂದಿಸಿದ್ದರ ಮುಂದುವರಿಕೆ. ಬೇರು ಹುಡುಕುತ್ತಾ ಹೋದರೆ ಎಲ್ಲದರ ಬುಡದಲ್ಲೂ ಯಾವುದೋ ಚರ್ಚೋ ಸ್ಮೃತಿಯೋ ಸಿಗುತ್ತೆ.

ಗಾಲ್ವೇ_ಕನ್ನಡಿಗ

ಐರ್ಲೆಂಡಿನಿಂದ ಬರೆಯುತ್ತಿದ್ದೇನೆ. ಇಲ್ಲಿರುವ ಕನ್ನಡಿಗರಿಗೆ ಈ ಪ್ರಶ್ನೆ ಬರೀ ಆಸ್ತಿಯದ್ದಲ್ಲ. ಸವಿತಾ ಹಾಲಪ್ಪನವರ, ನಮ್ಮ ಬೆಳಗಾವಿಯ ಹುಡುಗಿ, ದಂತವೈದ್ಯೆ. 2012ರ ಅಕ್ಟೋಬರಿನಲ್ಲಿ 17 ವಾರದ ಗರ್ಭಿಣಿ. ಗರ್ಭ ಉಳಿಯುವುದಿಲ್ಲ ಅಂತ ವೈದ್ಯರೇ ಹೇಳಿದ್ದರು. ಹಾಗಾದರೆ ತೆಗೆಯಿರಿ ಅಂತ ಕೇಳಿಕೊಂಡರೆ, ಭ್ರೂಣದ ಎದೆಬಡಿತ ಇರುವ ತನಕ ಆಗುವುದಿಲ್ಲ ಅಂದರು. ನಾನು ಐರಿಶ್ ಅಲ್ಲ, ಕ್ಯಾಥೊಲಿಕ್ಕೂ ಅಲ್ಲ ಅಂತ ಆಕೆ ಹೇಳಿದ್ದನ್ನು ಗಂಡ ಆಮೇಲೆ ತಿಳಿಸಿದರು. ಇದು ಕ್ಯಾಥೊಲಿಕ್ ದೇಶ ಅನ್ನುವ ಅರ್ಥದ ಮಾತು ಹೇಳಿದ್ದು ಹೌದು ಅಂತ ಅಲ್ಲಿನ ಸೂಲಗಿತ್ತಿಯೊಬ್ಬರು ವಿಚಾರಣೆಯಲ್ಲಿ ಒಪ್ಪಿಕೊಂಡರು. ಸೋಂಕು ಮೈಗೆಲ್ಲ ಹರಡಿ ಅಕ್ಟೋಬರ್ 28ಕ್ಕೆ ಆಕೆ ತೀರಿಕೊಂಡರು. 31 ವರ್ಷ. ಸೋಂಕನ್ನು ಗಮನಿಸುವುದರಲ್ಲೂ ಲೋಪ ಆಗಿತ್ತು ಅಂತ ತನಿಖೆಗಳು ಹೇಳಿದವು, ಅದನ್ನು ಮುಚ್ಚಿಡಬಾರದು. ಆದರೆ ವೈದ್ಯರ ಕೈ ಕಟ್ಟಿದ್ದು 1983ರಲ್ಲಿ ಜನಮತದಿಂದ ಸಂವಿಧಾನಕ್ಕೆ ಸೇರಿಸಿದ ಎಂಟನೇ ತಿದ್ದುಪಡಿ.

ಆ ತಿದ್ದುಪಡಿಯಲ್ಲಿ ದೇವರ ಹೆಸರಿಲ್ಲ, ಚರ್ಚಿನ ಹೆಸರಿಲ್ಲ. ಹುಟ್ಟದ ಜೀವಕ್ಕೂ ತಾಯಿಯಷ್ಟೇ ಬದುಕುವ ಹಕ್ಕು ಅಂತ ಮಾತ್ರ ಇತ್ತು. ನಿಮ್ಮ ಹಿಂದೂ ಕಾಯ್ದೆ ಉಲ್ಟಾ, ಹೆಸರಿನಲ್ಲಿ ಧರ್ಮ ಇದೆ, ಒಳಗೆ ಅರ್ಧಕ್ಕರ್ಧ ಸಂಸತ್ತಿನದ್ದು. ನನಗೆ ಹೆಸರಿಲ್ಲದೆ ಬರುವ ಧರ್ಮದ ಬಗ್ಗೆಯೇ ಭಯ ಜಾಸ್ತಿ. ಹೆಸರಿದ್ದರೆ ಕನಿಷ್ಠ ನನಗೆ ಬೇಡ ಅನ್ನಬಹುದು. 2018ರ ಮೇ 25ರಂದು ಶೇ. 66.4 ಜನ ಆ ತಿದ್ದುಪಡಿ ತೆಗೆಯಿರಿ ಅಂತ ಮತ ಹಾಕಿದರು. ಅವರಲ್ಲಿ ಭಾನುವಾರ ಚರ್ಚಿಗೆ ಹೋಗುವವರೂ ಇದ್ದರು.

ಬಿಸಿಲೂರು

ಗಾಲ್ವೇ ಅಣ್ಣ ಹೇಳಿದ್ದಕ್ಕ ನಮ್ಮಲ್ಲೂ ಉದಾಹರಣೆ ಐತಿ. ಸಂವಿಧಾನದ 48ನೇ ವಿಧಿ, ಗೋಹತ್ಯೆ. ಓದಿದರೆ ಕೃಷಿ, ಪಶುಸಂಗೋಪನೆ, ವೈಜ್ಞಾನಿಕ ಅಂತ ಬರೆದೈತಿ. 1948ರ ನವೆಂಬರಿನ್ಯಾಗ ಸಂವಿಧಾನ ಸಭೆಯೊಳಗ ಇದರ ಚರ್ಚೆ ಆದಾಗ ಅಸ್ಸಾಮಿನ ಸಾದುಲ್ಲಾ ಎದ್ದು ನಿಂತು, ಧರ್ಮದ ಕಾರಣಕ್ಕ ಬೇಕು ಅಂದ್ರ ಹಂಗ ನೇರ ಹೇಳ್ರಿ, ನಾ ಅಡ್ಡ ಬರಂಗಿಲ್ಲ, ಆರ್ಥಿಕ ಕಾರಣದ ಮುಸುಕು ಹಾಕಬ್ಯಾಡ್ರಿ ಅನ್ನೋ ಅರ್ಥದಾಗ ಮಾತಾಡಿದರು. ನಮ್ಮ ರಾಜ್ಯದ 2020ರ ಕಾಯ್ದೆಯಾಗ 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟರ ಎಲ್ಲಾ ನಿಷೇಧ. ಉಳುಮೆ ಆಗದ ಮುದಿ ಎತ್ತು ಇಟ್ಟುಕೊಂಡ ರೈತ ಯಾವ ದೇವರನ್ನ ನಂಬತಾನ ಅಂತ ಮೇವಿನ ಅಂಗಡಿಯವ ಕೇಳಂಗಿಲ್ರೀ. ರೊಕ್ಕ ಕೇಳತಾನ. ಇದಕ್ಕ ವಿಲ್ ಇಲ್ಲ, ಬಾಗಿಲೂ ಇಲ್ಲ.

ಸಂಧ್ಯಾವಂದನೆ_ಮಾಡುವವ

ಗೋವಿನ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಎಳೆದರೆ ಶರಾವತಿಯವರ ಮದುವೆ ಮುಂದಿನ ಯುಗಾದಿಗೂ ಆಗಲ್ಲ 😀

ಬಾಗಿಲಿಗೇ ಬರುತ್ತೇನೆ. ಎಲ್ಲರಿಗೂ ತೆರೆದಿಡೋಣ ಅಂದ್ರಲ್ಲ. ಯಾರು ನುಗ್ತಾರೆ ಅಂತ ಯೋಚನೆ ಮಾಡಿದ್ದೀರಾ? ಎರಡನೇ ಮದುವೆಗೋಸ್ಕರ ರಾತ್ರೋರಾತ್ರಿ ಮತಾಂತರ ಆದ ಗಂಡಸರನ್ನು 1995ರ ಸರಳಾ ಮುದ್ಗಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ನೋಡಿದೆ. ನಾಳೆ ಇನ್ನೊಬ್ಬ ಬಂದು ನಾನು ನಾಸ್ತಿಕ, ಹಿಂದೂ ಕಾಯ್ದೆ ನನಗಿಲ್ಲ, ಹಾಗಾಗಿ ಹೆಂಡತಿಗೆ ಜೀವನಾಂಶವೂ ಇಲ್ಲ, ತಂಗಿಗೆ ಪಾಲೂ ಇಲ್ಲ ಅಂತಾನೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು, 2005ರಲ್ಲಿ ಇಡೀ ದೇಶಕ್ಕೆ ಬಂತು. ಅಷ್ಟು ಹೋರಾಡಿ ಪಡೆದದ್ದನ್ನು ಒಂದು ಅಫಿಡವಿಟ್‌ನಲ್ಲಿ ಕಳೆದುಕೊಳ್ಳಬೇಕಾ?

ಶರಾವತಿ_ಹಿನ್ನೀರು

ಇದು ಒಳ್ಳೆಯ ಪ್ರಶ್ನೆ, ಇಡೀ ಚರ್ಚೆಯಲ್ಲಿ ನನಗೆ ತಲೆ ತಿಂದಿದ್ದು ಇದೇ. ನನಗೆ ಅನ್ನಿಸುವುದು ಹೀಗೆ. ಹೊರಗೆ ಹೋಗುವ ಹಕ್ಕು ನನ್ನದನ್ನು ಮಾತ್ರ ಮುಟ್ಟಬೇಕು. ನಾನು ದುಡಿದ ಆಸ್ತಿ ಯಾರಿಗೆ ಹೋಗಬೇಕು, ನನ್ನ ಮದುವೆ ಹೇಗೆ ಆಗಬೇಕು, ನನ್ನ ಹೆಣ ಸುಡಬೇಕಾ ಹೂಳಬೇಕಾ ಆಸ್ಪತ್ರೆಗೆ ಕೊಡಬೇಕಾ, ಇಷ್ಟು. ಬೇರೆಯವರಿಗೆ ನಾನು ಕೊಡಬೇಕಾದದ್ದು, ಅಂದರೆ ಹೆಂಡತಿಯ ಜೀವನಾಂಶ, ಮಕ್ಕಳ ಖರ್ಚು, ತಂಗಿಯ ಪಾಲು, ಆಗಲೇ ಆಗಿರುವ ಮದುವೆ, ಇವು ನನ್ನ ಜೊತೆ ಹೊರಗೆ ಬರಬೇಕು. ನಾನು ನಂಬಿಕೆ ಬಿಟ್ಟ ಮಾತ್ರಕ್ಕೆ ನನ್ನ ತಂಗಿ ತನ್ನ ಹಕ್ಕು ಯಾಕೆ ಬಿಡಬೇಕು?

ಇದು ಸಮಾನ ನಾಗರಿಕ ಸಂಹಿತೆ ಅಲ್ಲ ಅಂತಲೂ ಹೇಳಿಬಿಡುತ್ತೇನೆ, ಯಾರಾದರೂ ಅಲ್ಲಿಗೆ ಎಳೆಯುವ ಮುಂಚೆ. ಉತ್ತರಾಖಂಡದಲ್ಲಿ 2025ರ ಜನವರಿಯಿಂದ ಜಾರಿಯಾಗಿರುವುದು ಎಲ್ಲರನ್ನೂ ಒಂದೇ ಕೋಣೆಗೆ ಕೂರಿಸಿತು, ಪರಿಶಿಷ್ಟ ಪಂಗಡದವರನ್ನು ಬಿಟ್ಟು. ಮದುವೆಯಿಲ್ಲದೆ ಒಟ್ಟಿಗಿರುವವರೂ ನೋಂದಾಯಿಸಬೇಕಂತೆ. ನಾನು ಕೇಳುತ್ತಿರುವುದು ಅದಲ್ಲ. ಭಟ್ಕಳದ ಅಣ್ಣನ ಹೆಂಡತಿ ಶರೀಅತ್ ಪ್ರಕಾರವೇ ಇರಲಿ, ಅಣ್ಣ ಮಾತ್ರ ತನ್ನ ಪಾಲಿನ ಮಟ್ಟಿಗೆ ಬೇರೆ ಕಾನೂನು ಆರಿಸಿಕೊಳ್ಳಲಿ.

ಲೆಕ್ಕಪತ್ರ

ಸಿಎ ಆಗಿ ಒಂದು ಮಾತು. ದೇವರಿಲ್ಲ ಧರ್ಮ ಇಲ್ಲ ಅಂತ ಭಾಷಣ ಮಾಡುವ ಕ್ಲೈಂಟುಗಳು ನನ್ನ ಹತ್ತಿರ ಬಂದು "ಸರ್, ಎಚ್‌ಯುಎಫ್ ಮಾಡಿಸಿಕೊಡಿ, ಟ್ಯಾಕ್ಸ್ ಉಳಿಯುತ್ತೆ" ಅಂತಾರೆ. ಹಿಂದೂ ಅವಿಭಕ್ತ ಕುಟುಂಬ, ಬೇರೆ ಪ್ಯಾನ್ ಕಾರ್ಡು. ಆಗ ಯಾರಿಗೂ ಆ ಹೆಸರು ಚುಚ್ಚಲ್ಲ! ಬಾಗಿಲು ದಾಟಿದವರು ಇದನ್ನೂ ಬಿಟ್ಟು ಹೋಗಬೇಕು ಅಂತ ಸೇರಿಸಿ ನೋಡಿ, ಕ್ಯೂ ಎಷ್ಟು ಚಿಕ್ಕದಾಗುತ್ತೆ ಅಂತ.

ಶರಾವತಿ_ಹಿನ್ನೀರು

ಸೇರಿಸಿ ಸರ್, ನಮ್ಮಿಬ್ಬರದ್ದೂ ಎಚ್‌ಯುಎಫ್ ಇಲ್ಲ 😄

ಕರಿಕೋಟು ಸರ್, ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾದರೆ ಆಸ್ತಿಗೂ 1925ರ ಕಾಯ್ದೆ ಬರುತ್ತೆ ಅಂದಿರಿ. ಹಾಗಾದರೆ ನನ್ನ ಸಮಸ್ಯೆ ಮುಗಿಯಿತಲ್ಲ?

ಕರಿಕೋಟು_ಧಾರವಾಡ

ಮುಗಿಯಲಿಲ್ಲ ತಂಗಿ. 1976ರಲ್ಲಿ ಆ ವಿಶೇಷ ವಿವಾಹ ಕಾಯ್ದೆಗೆ 21ಎ ಅಂತ ಒಂದು ಸೆಕ್ಷನ್ ಸೇರಿಸಿದರು. ಗಂಡು ಹೆಣ್ಣು ಇಬ್ಬರೂ ಹಿಂದೂ, ಬೌದ್ಧ, ಸಿಖ್ ಅಥವಾ ಜೈನರಾಗಿದ್ದರೆ, ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾದರೂ ಆಸ್ತಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯೇ. ನಾವು ಆ ಧರ್ಮವನ್ನು ಅನುಸರಿಸುವವರೇ ಅಲ್ಲ ಅಂತ ನೀವು ವಾದ ಮಾಡಬಹುದು. ಧರ್ಮ ಇಲ್ಲ ಅಂತ ಹೇಳುವ ಹಕ್ಕಿದೆ, ಫಾರಂನಲ್ಲಿ ಧರ್ಮ ಬರೆಯಲೇಬೇಕು ಅಂತ ಸರ್ಕಾರ ಒತ್ತಾಯಿಸುವಂತಿಲ್ಲ ಅಂತ 2014ರಲ್ಲಿ ಬಾಂಬೆ ಹೈಕೋರ್ಟ್ ಹೇಳಿದ್ದೂ ಇದೆ. ಆದರೆ ಆ ವಾದ ಮಾಡುವಷ್ಟೊತ್ತಿಗೆ ನೀವು ಬದುಕಿರುವುದಿಲ್ಲ. ನಿಮ್ಮ ಅಮ್ಮನೋ, ಗಂಡನ ತಮ್ಮನೋ ಕೋರ್ಟಿನಲ್ಲಿ ನಿಂತು ನೀವು ದೇವಸ್ಥಾನಕ್ಕೆ ಹೋಗುತ್ತಿದ್ದಿರೋ ಇಲ್ಲವೋ ಅಂತ ಸಾಕ್ಷಿ ಹೇಳುತ್ತಿರುತ್ತಾರೆ.

ಅದಕ್ಕ ಮದುವೆಯಾದ ವಾರದಲ್ಲೇ ಇಬ್ಬರೂ ವಿಲ್ ಬರೀರಿ. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ. ಇಬ್ಬರು ಸಾಕ್ಷಿ ಬೇಕು, ಆಸ್ತಿ ಸಿಗುವವರನ್ನು ಸಾಕ್ಷಿ ಹಾಕಿಸಬೇಡಿ. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು.

ಶರಾವತಿ_ಹಿನ್ನೀರು

ಮತ್ತೆ ಆ 30 ದಿನದ ನೋಟಿಸ್? ಅವರ ಮನೆಯಲ್ಲಿ ಇನ್ನೂ ಹೇಳಿಲ್ಲ. ಬೋರ್ಡಿನಲ್ಲಿ ಹಾಕಿದರೆ ಯಾರಾದರೂ ಫೋಟೋ ಹೊಡೆದು ವಾಟ್ಸಾಪಿಗೆ ಬಿಡ್ತಾರೆ.

ಕರಿಕೋಟು_ಧಾರವಾಡ

ಜೋಡಿ ಬಯಸಿದರೆ ಮಾತ್ರ ನೋಟಿಸ್ ಪ್ರಕಟಿಸಿ ಅಂತ 2021ರಲ್ಲಿ ಅಲಹಾಬಾದ್ ಹೈಕೋರ್ಟ್ ಹೇಳಿತು. ಆ ತೀರ್ಪನ್ನು ಇಲ್ಲಿನ ಕಚೇರಿ ಪಾಲಿಸಲೇಬೇಕು ಅಂತಿಲ್ಲ. ನೋಟಿಸ್ ಬೀಳುತ್ತೆ ಅಂತಲೇ ಇಟ್ಟುಕೊಳ್ಳಿ. ಆಕ್ಷೇಪಣೆ ಹಾಕಲು ಕಾರಣ ಬೇಕು: ಮೊದಲ ಮದುವೆ ಜೀವಂತ ಇದೆ, ವಯಸ್ಸಾಗಿಲ್ಲ, ನಿಷಿದ್ಧ ಸಂಬಂಧ, ಬುದ್ಧಿ ಸ್ಥಿಮಿತ ಇಲ್ಲ, ಇಂಥವು. ನಮ್ಮ ಜಾತಿ ಅಲ್ಲ, ದೇವರನ್ನು ನಂಬಲ್ಲ ಅನ್ನುವುದು ಕಾರಣ ಅಲ್ಲ. ಯಾರಾದರೂ ಹಾಕಿದರೂ ಅಧಿಕಾರಿ 30 ದಿನದೊಳಗೆ ತೀರ್ಮಾನ ಮಾಡಬೇಕು.

ಸಂಧ್ಯಾವಂದನೆ_ಮಾಡುವವ

ಮೂವರು ಸಾಕ್ಷಿ ಬೇಕು ಅಂದ್ರಲ್ಲ, ಎಷ್ಟು ಜನ ಸಿಕ್ಕಿದ್ದಾರೆ? ನಾನು ಬೆಂಗಳೂರಿನಲ್ಲೇ ಇದ್ದೇನೆ, ಶಿವಮೊಗ್ಗಕ್ಕೆ ರಾತ್ರಿ ರೈಲಿದೆ. ರಾಹುಕಾಲ ಬಿಟ್ಟು ಟೈಮ್ ಹೇಳಿ.

ಶರಾವತಿ_ಹಿನ್ನೀರು

ಇಬ್ಬರು ಸಿಕ್ಕಿದ್ದಾರೆ ಅಣ್ಣಾ. ಆಫೀಸು ತೆರೆಯೋದೇ ಹತ್ತು ಗಂಟೆಗೆ, ಟೈಮು ಅವರು ಕೊಟ್ಟಿದ್ದು, ರಾಹುಕಾಲ ನೀವೇ ಅಡ್ಜಸ್ಟ್ ಮಾಡಿಕೊಳ್ಳಿ. ಆಧಾರ್ ತನ್ನಿ.